ಮಡ್ಡಿ ದಾರಿಯ ನೀರು ಯಾರ ಹೊಲಕ್ಕೆ?

ತುಬಚಿಯಲ್ಲಿ ನಮ್ಮ ಮಡ್ಡಿ ಹೊಲಗಳಿಗೆ ಹೋಗುವ ಚಕ್ಕಡಿ ದಾರಿ ಅರ್ಧ ಕಿಲೋಮೀಟರಿನಷ್ಟಿದೆ. ಅದರಲ್ಲಿ ನಡುವಿನ 300 ಅಡಿ ಕಡಿದಾದ ಏರು. ಐದು ಮನೆತನದವರು ಬಳಸುತ್ತೇವೆ. ನಕಾಶೆಯಲ್ಲಿ ಇದಕ್ಕೆ ಗೆರೆ ಇಲ್ಲ, ಅಜ್ಜಂದಿರ ಕಾಲದ ವಹಿವಾಟದ ದಾರಿ. ನಕಾಶೆಯ ದಾರಿಗೆ ಸಿಗುವ ಸರಕಾರಿ ದುಡ್ಡು ಇಂಥ ದಾರಿಗೆ ಸುಲಭಕ್ಕೆ ಸಿಗುವುದಿಲ್ಲ. ಕೆಟ್ಟರೆ ನಾವೇ ನೋಡಿಕೊಳ್ಳಬೇಕು.

ಕೆಟ್ಟಿತ್ತು ಅಂದರೆ ಹೇಗೆ? ಏರಿನಲ್ಲಿ ಮೊಣಕಾಲುದ್ದ ಕೊರಕಲು. ಬಾಡಿಗೆ ಟ್ರ್ಯಾಕ್ಟರಿನವರು ಕೆಳಗೇ ನಿಂತು "ಮ್ಯಾಲ ಬರೂದಿಲ್ರಿ" ಅನ್ನುತ್ತಿದ್ದರು. ಜೋಳದ ಚೀಲ, ಕಣಿಕೆ ಹೊರೆ ಎಲ್ಲ ತಲೆಯ ಮೇಲೆ. ಮೇಲಿನ ಹೊಲದಲ್ಲೇ ಮನೆ ಮಾಡಿಕೊಂಡವರ ಮುದುಕಿಗೆ ಒಂದು ರಾತ್ರಿ ಉಸಿರು ಕಟ್ಟಿದಾಗ ಹೊರಸಿನ ಮೇಲೆ ಹೊತ್ತು ಇಳಿಸಿದೆವು. ಆಕೆ ಬದುಕಿದರು. ಆದರೆ ಹೊತ್ತ ನಾಲ್ವರಲ್ಲಿ ಇಬ್ಬರು ಕೊರಕಲಿನಲ್ಲಿ ಬಿದ್ದಿದ್ದರು.

ಬೇಸಿಗೆಯಲ್ಲಿ ನಾಲ್ಕು ಟ್ರಾಲಿ ಗರಸು ಸುರಿಯುವುದು ಎಲ್ಲ ಕಡೆಯ ರೂಢಿ. ನಮ್ಮ ಭಾಗದ ಮಳೆ ವರ್ಷಕ್ಕೆ 600 ಮಿಲಿಮೀಟರು ಮುಟ್ಟುವುದು ಅಪರೂಪ, ಆದರೆ ಬಂದರೆ ನಾಲ್ಕೈದು ಸಲ ಗುದ್ದಿ ಬರುತ್ತದೆ. ಸೆಪ್ಟೆಂಬರಿನ ಎರಡು ಮಳೆಗೆ ಗರಸೆಲ್ಲ ಕೆಳಗಿನ ಹೊಲದಲ್ಲಿ. "ಗರಸು ಛಲೋ ಇಲ್ಲ" ಎಂದು ಬೈಯುತ್ತಾರೆ. ಗರಸಿನ ತಪ್ಪಲ್ಲ, ನೀರಿಗೆ ಹೋಗಲು ಬೇರೆ ಹಾದಿ ಇಲ್ಲ.

ಇದನ್ನು ತಿಳಿಯಲು ಮಳೆ ಬರುವಾಗಲೇ ನೋಡಬೇಕು. ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಏರಿನುದ್ದಕ್ಕೂ ನಡೆದೆ. ದಾರಿಯ ಮೇಲೆ ಬಿದ್ದ ನೀರು ಸ್ವಲ್ಪವೇ, ಬಹುಪಾಲು ಒಡ್ಡುಗಳ ತುದಿಯಿಂದ ಬರುತ್ತಿತ್ತು. ಜಮಖಂಡಿ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಪ್ರಾಂತದಲ್ಲಿ 1942ರ ಕಾಯ್ದೆಯಿಂದ ಹೊಲಗಳಿಗೆ ಒಡ್ಡು ಹಾಕುವ ಕೆಲಸ ನಡೆದಿತ್ತು. ಒಡ್ಡು ಮಣ್ಣು ಉಳಿಸುತ್ತದೆ, ಸಂಶಯವಿಲ್ಲ. ಆದರೆ ಹೆಚ್ಚಾದ ನೀರಿಗೆ ಕೋಡಿ ಬೇಕು. ನಮ್ಮಲ್ಲಿ ಕೋಡಿಗಳು ಮುಚ್ಚಿಹೋಗಿ ನಾಲ್ಕು ಹೊಲದ ನೀರು ದಾರಿಗೇ ಇಳಿಯುತ್ತಿತ್ತು. ದಾರಿಯೇ ಹಳ್ಳವಾಗಿತ್ತು.

ಬೇವಿನ ಗಿಡದ ಕೆಳಗೆ ಐದೂ ಮಂದಿ ಕೂತೆವು. ದುಡ್ಡಿನ ಮಾತಿಗಿಂತ ಮೊದಲು ಜಗಳ ಬಂದದ್ದು ನೀರಿನ ಮೇಲೆ. ಕೆಳಗಿನ ಹೊಲದ ಕಾಕಾ "ನೀರ ಎಲ್ಲಿ ಹೊಂಡಸ್ತೀರಿ? ನನ್ನ ಹೊಲಕ್ಕ ಬಿಟ್ರ ನಾ ಸುಮ್ಮನಿರಾಂವ ಅಲ್ಲ" ಅಂದರು. ಅವರ ಮಾತು ಸರಿ. ದಾರಿ ಉಳಿಸಲು ಇನ್ನೊಬ್ಬನ ಎರೆ ಕೊಚ್ಚಿಸಿದರೆ ಏನು ಬಂತು? ಕೊನೆಗೆ ಕೋಡಿ ನೀರನ್ನು ಒಡ್ಡಿನ ಇನ್ನೊಂದು ತುದಿಯಿಂದ ಹಳ್ಳಕ್ಕೆ ತಿರುಗಿಸುವುದು, ದಾರಿಯ ನೀರಿನಲ್ಲಿ ಒಂದು ಪಾಲು ಕಲ್ಲುಗಡ್ಡೆ ಜಾಗಕ್ಕೆ, ಒಂದು ಪಾಲು ಕಾಕಾನ ಕೃಷಿಹೊಂಡಕ್ಕೆ ಬಿಡುವುದು ಎಂದಾಯಿತು. ಹೊಂಡದ ಮುಂದೆ ಹೂಳು ನಿಲ್ಲಲು ಸಣ್ಣ ಗುಂಡಿ, ಅದನ್ನು ತೆಗೆಯುವ ಕೆಲಸ ಐದೂ ಮನೆಯದು. ಒಣಬೇಸಾಯದವನಿಗೆ ನೀರು ಕೊಡುತ್ತೇವೆ ಅಂದರೆ ಎಷ್ಟು ಹೊತ್ತು ಬೇಡ ಅಂದಾನು!

ಕೆಲಸ ಮಾಡಿದ ರೀತಿ

ಯುಗಾದಿ ಆದ ಮೇಲೆ ಜೆಸಿಬಿ ಒಂದು ದಿನ ತರಿಸಿದೆವು. ಒಂದು ಮಾತು: ಜೆಸಿಬಿಯವರು ದಾರಿಯನ್ನು ಕೆರೆದು ನುಣುಪು ಮಾಡಿ ಹೋಗುತ್ತಾರೆ. ನೋಡಲು ಚೆಂದ. ಆದರೆ ದಾರಿ ಹೊಲಕ್ಕಿಂತ ಕೆಳಗಾದರೆ ಅದು ಕಾಲುವೆ. ಎದುರಿಗೆ ನಿಂತು ಬದಿಯ ಮಣ್ಣನ್ನು ನಡುವೆ ಎಳೆಸಿ, ದಾರಿಯ ಬೆನ್ನು ಎತ್ತರ ಮಾಡಿಸಬೇಕು.

ಕೊರಕಲಿಗೆ ತಳದಲ್ಲಿ ದೊಡ್ಡ ಕಲ್ಲು, ಮೇಲೆ ಸಣ್ಣ ಕಲ್ಲು, ಆಮೇಲೆ ಗರಸು. ಗರಸನ್ನು ಅರ್ಧ ಅಡಿಯಂತೆ ಹಾಕಿ, ನೀರು ಚಿಮುಕಿಸಿ, ಧಮ್ಮಸು ಹೊಡೆದೆವು. ಕಲ್ಲಿಗೆ ದುಡ್ಡಿಲ್ಲ, ಹೊಲದಲ್ಲಿ ಬೇಕಾದಷ್ಟಿವೆ. ಏರಿನ ಬುಡದಲ್ಲಿ ಎರೆ ಮಣ್ಣಿನ ತುಂಡು ಇದೆ. ಎರೆಯ ಮೇಲೆ ನೇರ ಗರಸು ಹಾಕಿದರೆ ಮಳೆಗೆ ಮಣ್ಣು ಉಬ್ಬಿ ಗರಸು ಒಳಗೆ ಇಳಿಯುತ್ತದೆ. ಅಲ್ಲಿ ಒಂದು ಅಡಿ ಎರೆ ತೆಗೆದು ಕಲ್ಲು ಹಾಸಿದೆವು. ತೆಗೆದ ಎರೆಯನ್ನು ಹೊಲಕ್ಕೆ ಒಯ್ಯಲು ಪೈಪೋಟಿ ಆಯಿತು.

ಮುಖ್ಯವಾದದ್ದು ಅಡ್ಡ ಉಬ್ಬು. ಗೌಂಡಿಗಳ ಹತ್ತಿರ ಇರುವ ನೀರು ತುಂಬುವ ಪೈಪಿನಿಂದ ಇಳಿಜಾರು ಅಳೆದೆವು. 100 ಅಡಿಗೆ 10 ಅಡಿ ಇಳಿಯುವ ಕಡೆ 80 ಅಡಿಗೊಂದು ಉಬ್ಬು, 15 ಅಡಿ ಇಳಿಯುವ ಕಡೆ 60 ಅಡಿಗೊಂದು. ಉಬ್ಬು ದಾರಿಗೆ ನೇರ ಅಡ್ಡ ಇರಬಾರದು, 12 ಅಡಿ ಅಗಲದ ದಾರಿಯಲ್ಲಿ ನೀರು ಬಿಡುವ ತುದಿ 5-6 ಅಡಿ ಕೆಳಗೆ ಬರುವಂತೆ ಓರೆ ಇರಬೇಕು. ಉಬ್ಬಿನ ಮೇಲ್ಬದಿಗೆ ಅಗಲವಾದ ತಗ್ಗು, ಇಲ್ಲದಿದ್ದರೆ ಚಕ್ಕಡಿಯ ಅಚ್ಚು ಜಗ್ಗುತ್ತದೆ. ನೀರು ಬೀಳುವ ತುದಿಗೆ ಕಲ್ಲು ಜೋಡಿಸದೆ ಬಿಟ್ಟರೆ ಹೊಸ ಕೊರಕಲು ಅಲ್ಲಿಂದಲೇ ಶುರು.

ಖರ್ಚಿನ ಪಾಲು

ಎಕರೆ ಮೇಲೆ ಹಂಚೋಣ ಅಂದರು ಕೆಲವರು. ಅದು ನ್ಯಾಯವಲ್ಲ. ಕೆಳಗಿನವನು ಏರನ್ನು ತುಳಿಯುವುದೇ ಇಲ್ಲ, ದಾರಿಗೆ ಭೂಮಿ ಮಾತ್ರ ಬಿಟ್ಟಿದ್ದಾನೆ. ದಾರಿಯನ್ನು ತುಂಡು ಮಾಡಿ, ಆಯಾ ತುಂಡಿನ ಮೇಲೆ ಹಾದುಹೋಗುವವರಿಗೆ ಮಾತ್ರ ಅದರ ಖರ್ಚು ಹಾಕಿದೆವು. ತುದಿಯ ಮನೆಯವರಿಗೆ ಭಾರವಾಯಿತು. ಅವರು ದುಡ್ಡಿನ ಬದಲು ಹೆಚ್ಚು ಆಳುದಿನ, ಕಲ್ಲು ಕೊಟ್ಟರು.

ದಾರಿಯ ಅಗಲ 12 ಅಡಿ, ಯಾರೂ ಉತ್ತು ಒತ್ತಬಾರದು, ಮಳೆಯಾದ ಎರಡು ದಿನ ತುಂಬಿದ ಟ್ರಾಲಿ ಏರಿಸಬಾರದು ಎಂದು ಬರೆದು ಎಲ್ಲರೂ ಸಹಿ ಮಾಡಿದ್ದೇವೆ. 1882ರ ಈಸ್‌ಮೆಂಟ್ ಕಾಯ್ದೆಯಂತೆ 20 ವರ್ಷ ಯಾರ ತಡೆಯೂ ಇಲ್ಲದೆ, ಹಕ್ಕೆಂದು ಬಹಿರಂಗವಾಗಿ ನಡೆದ ದಾರಿಗೆ ಹಕ್ಕು ಬರುತ್ತದೆ, ನಿಜ. ಆದರೆ ಅದನ್ನು ಕೋರ್ಟಿನಲ್ಲಿ ತೋರಿಸಿಕೊಡಬೇಕು. ನಾಳೆ ಮಕ್ಕಳಲ್ಲಿ ಹೊಲ ಪಾಲಾಗುತ್ತದೆ, ಯಾರೋ ಮಾರುತ್ತಾರೆ. ಬರೆದ ಕಾಗದ ಇದ್ದರೆ ಮಾತು ಬೇಗ ಮುಗಿಯುತ್ತದೆ.

ಎರಡು ಮಳೆಗಾಲ ಕಳೆದಿವೆ. ಟ್ರ್ಯಾಕ್ಟರು ಮೇಲಿನವರೆಗೆ ಬರುತ್ತದೆ. ದೊಡ್ಡ ಮಳೆ ಆದ ಮೇಲೆ ಉಬ್ಬಿನ ತಗ್ಗಿನ ಹೂಳನ್ನು ಸಲಿಕೆಯಿಂದ ತೆಗೆಯಬೇಕು, ಒಬ್ಬನಿಗೆ ಅರ್ಧ ತಾಸಿನ ಕೆಲಸ. ಟ್ರಾಲಿಯ ಕರಾರನ್ನು ಒಬ್ಬರು ಎರಡು ಸಲ ಮುರಿದರು. ಮೂರನೇ ಉಬ್ಬು ಆ ಗಾಲಿಗಳಿಗೆ ಸವೆದಿದೆ. ಈ ಬೇಸಿಗೆಗೆ ಅದರ ಮೇಲೆ ಕಲ್ಲು ಹಾಸಬೇಕು. ಕಲ್ಲು ಆರಿಸಿ ದಾರಿ ಬದಿಗೆ ಒಟ್ಟಿದ್ದೇವೆ, ಮುರಿದವರದೇ ಎರಡು ಪಾಲು.