ನಗುವ ಅಕ್ಷರ ಎಲ್ಲಿ ಬೇಕು, ಎಲ್ಲಿ ಬೇಡ?



ನಮ್ಮ ಗೋಡೆ ಪತ್ರಿಕೆಯ ತಲೆಬರಹಗಳನ್ನು ಎರಡು ವರ್ಷದಿಂದ ನಾನೇ ಬರೆಯುತ್ತಿದ್ದೇನೆ. "ಆ ದುಂಡು ಅಕ್ಷರ ಹೆಂಗೆ ಬರೀತೀಯ, ನಮಗೂ ಹೇಳ್ಕೊಡು" ಅಂತ ಕೆಲವರು ಕೇಳಿದ್ದಾರೆ. ಹೇಳಿಕೊಡುವ ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ.

ಕಳೆದ ವರ್ಷದ ವಾರ್ಷಿಕೋತ್ಸವಕ್ಕೆ "ಧನಸಹಾಯ ಮಾಡಿದವರು" ಎಂದು ದೊಡ್ಡ ಹಾಳೆಯಲ್ಲಿ ಬರೆದಿದ್ದೆ. ಅಕ್ಷರಗಳು ಹೊಟ್ಟೆ ತುಂಬಾ ಉಂಡ ಮಕ್ಕಳ ಹಾಗೆ ಕಾಣಲಿ ಅಂತ ಬ್ರಷ್ಷನ್ನು ಒತ್ತಿ ಎಳೆದೆ. 'ಧ' ಅಕ್ಷರದ ಕೆಳಗಿನ ಸೀಳು ಬಣ್ಣದಲ್ಲಿ ಮುಚ್ಚಿಹೋಯಿತು. ಊರಿನ ಹಿರಿಯರೊಬ್ಬರು ಓದಿ, "ಏನ್ ಮಗಾ, ಇಷ್ಟೊಂದ್ ಜನ ದನ ಕೊಟ್ಟವ್ರಾ? ಎಲ್ಲಿ ಕಟ್ಟಾಕಿದ್ದೀರಿ?" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಅಳು ಬಂತು.

ಆವತ್ತು ಕಲಿತ ಪಾಠ ಇಷ್ಟೇ: ಅಕ್ಷರ ಕುಣಿಯಬಹುದು, ಆದರೆ ಓದಲು ಬರಬೇಕು.

ಆಟದ ಅಕ್ಷರಕ್ಕೆ ಮೂರು ಗುಣಗಳಿವೆ. ಗೆರೆ ಎಲ್ಲಾ ಕಡೆ ಸುಮಾರು ಒಂದೇ ದಪ್ಪ. ತುದಿಗಳು ಚೂಪಾಗಿರದೆ ದುಂಡಗಿರುತ್ತವೆ. ಅಕ್ಷರಗಳು ಸಾಲಾಗಿ ನಿಲ್ಲದೆ ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ ಇರುತ್ತವೆ. ನಮ್ಮ ಕನ್ನಡ ಲಿಪಿ ದುಂಡು, ಆದ್ದರಿಂದ ಈ ವೇಷ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಕಂಪ್ಯೂಟರಿನಲ್ಲೂ ಇಂಥ ಅಕ್ಷರ ಇದೆ. ಅದರ ಹೆಸರು 'ಬಾಲೂ ತಮ್ಮ'! ಮುಂಬಯಿಯ ಏಕ್ ಟೈಪ್ ಎಂಬ ತಂಡಕ್ಕಾಗಿ ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್ ಇದನ್ನು ರೂಪಿಸಿದರು. 2016ರಲ್ಲಿ ಗೂಗಲ್ ಫಾಂಟ್ಸ್‌ಗೆ ಬಂತು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಬಾಲೂ ಅಂದರೆ ಜಂಗಲ್ ಬುಕ್ ಕಥೆಯ ಕರಡಿ. ತೆಲುಗಿನಲ್ಲಿ ಇದೇ ಅಕ್ಷರ 'ಬಾಲೂ ತಮ್ಮುಡು', ತಮಿಳಿನಲ್ಲಿ 'ಬಾಲೂ ತಂಬಿ', ಮಲಯಾಳದಲ್ಲಿ 'ಬಾಲೂ ಚೇಟ್ಟನ್'. ಒಂದೇ ಮನೆಯ ಅಣ್ಣತಮ್ಮಂದಿರು ಅನ್ನಿ!

ಈಗ ಕೈಯಿಂದ ಬರೆಯೋಣ. ಮೊದಲು ಪೆನ್ಸಿಲಿನಲ್ಲಿ ತೆಳ್ಳಗೆ ಅಕ್ಷರ ಬರೆಯಿರಿ. ಅದು ಎಲುಬು. ಅದರ ಎರಡೂ ಕಡೆ ಒಂದೇ ಅಳತೆಯಲ್ಲಿ ಗೆರೆ ಎಳೆದು ಮಾಂಸ ತುಂಬಿ. ತುದಿ ದುಂಡಗೆ ಮಾಡಿ. ಕಡೆಗೆ ಬಣ್ಣ ಹಚ್ಚಿ. ಅಭ್ಯಾಸಕ್ಕೆ ನಮ್ಮ ಕಡೆಯ ನಾಲ್ಕು ತಾಲ್ಲೂಕುಗಳ ಹೆಸರೇ ಸಾಕು. ಒಂದೊಂದೂ ಒಂದೊಂದು ಪಾಠ.

ನಾಗಮಂಗಲ: ಇದೇ ಎಲ್ಲಕ್ಕಿಂತ ಸುಲಭ. ಒಂದೂ ಒತ್ತಕ್ಷರ ಇಲ್ಲ. ಸೊನ್ನೆಯನ್ನು ಚೆಂಡಿನ ಹಾಗೆ ಮಾಡಬಹುದು.

ಪಾಂಡವಪುರ: ಇಲ್ಲಿ ಎಚ್ಚರ ಬೇಕು. 'ಪ' ಮತ್ತು 'ವ' ಅಕ್ಕಪಕ್ಕದಲ್ಲೇ ಇವೆ. 'ಪ'ದ ತಲೆಯ ಹತ್ತಿರ ಇರುವ ಸಣ್ಣ ಸಂದು ಮುಚ್ಚಿಹೋದರೆ ಅದೂ 'ವ' ಆಗುತ್ತದೆ, ಊರು 'ವಾಂಡವವುರ' ಆಗುತ್ತದೆ.

ಶ್ರೀರಂಗಪಟ್ಟಣ: 'ಶ್ರೀ' ಕೆಳಗೆ ಒಂದು ಒತ್ತು, 'ಟ್ಟ' ಕೆಳಗೆ ಇನ್ನೊಂದು. ಆದ್ದರಿಂದ ಸಾಲಿನ ಕೆಳಗೆ ಅಕ್ಷರದ ಅರ್ಧ ಎತ್ತರದಷ್ಟು ಜಾಗ ಮೊದಲೇ ಬಿಡಿ. ಇಲ್ಲದಿದ್ದರೆ ಒತ್ತುಗಳು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತವೆ.

ಕೃಷ್ಣರಾಜಪೇಟೆ: ಇದು ದೊಡ್ಡ ಪರೀಕ್ಷೆ. 'ಕೃ'ದ ಸುಳಿ, 'ಷ್ಣ'ದ ಒತ್ತು, 'ಪೇ'ಯ ದೀರ್ಘ ಎಲ್ಲಾ ಇವೆ. 'ಷ'ದ ಹೊಟ್ಟೆಯೊಳಗಿನ ಗೆರೆ ಬಣ್ಣದಲ್ಲಿ ಮುಳುಗಬಾರದು.

ಇನ್ನು ಇದನ್ನು ಎಲ್ಲಿ ಬಳಸುವುದು? ರಂಗನತಿಟ್ಟು ಪ್ರವಾಸದ ಲೇಖನಕ್ಕೆ, ಕಥೆಗೆ, ಒಗಟಿಗೆ, ಕಬ್ಬಿನ ಹಾಲಿನ ಅಂಗಡಿಯ ಬೋರ್ಡಿಗೆ, ಶ್ರೀರಂಗಪಟ್ಟಣದ ದಸರಾ ಚಿತ್ರಪಟಕ್ಕೆ ಬಲು ಚೆಂದ. ಆದಿಚುಂಚನಗಿರಿಯ ನವಿಲುಗಳ ಬಗ್ಗೆ ಬರೆದರೆ 'ನ'ದ ತಲಕಟ್ಟನ್ನೇ ಗರಿಯಂತೆ ಎಳೆಯಬಹುದು. ಕೆ.ಆರ್.ಪೇಟೆ ತಾಲ್ಲೂಕಿನ ಹೇಮಗಿರಿ ದನಗಳ ಜಾತ್ರೆಗೆ ಬರೆದರೆ 'ದ'ಕ್ಕೆ ಸೀಳೇ ಬೇಡ, ಅಲ್ಲಿ ದನ ದನವೇ!

ಉದ್ದ ಲೇಖನದ ಒಳಗೆ ಮಾತ್ರ ಬೇಡ, ಕಣ್ಣು ನೋಯುತ್ತದೆ. ತಲೆಬರಹಕ್ಕೆ ಸಾಕು.

ಎಚ್ಚರಿಕೆಯ ಫಲಕಕ್ಕಂತೂ ಬೇಡವೇ ಬೇಡ. 2018ರ ನವೆಂಬರ್ ತಿಂಗಳಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ತೀರಿಹೋದರು. ಅವರಲ್ಲಿ ಶಾಲಾ ಮಕ್ಕಳೂ ಇದ್ದರು. ನಾಲೆ ಅಂದರೆ ನಮ್ಮ ಕಡೆ ಅಷ್ಟು ಭಯ. "ನಾಲೆಗೆ ಇಳಿಯಬೇಡಿ" ಎಂಬ ಮಾತನ್ನು ಕುಣಿಯುವ ಅಕ್ಷರದಲ್ಲಿ ಬರೆದರೆ ಒಂದನೇ ತರಗತಿಯ ಮಗು ಅದನ್ನು ಆಟಕ್ಕೆ ಕರೆಯುವ ಬೋರ್ಡು ಅಂದುಕೊಳ್ಳಬಹುದು. ಅಲ್ಲಿ ಅಕ್ಷರ ನೆಟ್ಟಗೆ ನಿಲ್ಲಬೇಕು, ದೂರದಿಂದಲೇ ಕಾಣಬೇಕು. ಅಮ್ಮ ಬಯ್ಯುವಾಗ ನಗುತ್ತಾ ಬಯ್ದರೆ ನಾವು ಕೇಳುತ್ತೇವಾ?

ಈಗ ನಾನು ಏನೇ ಬರೆದರೂ ಗೋಡೆಗೆ ಅಂಟಿಸುವ ಮೊದಲು ಹತ್ತು ಹೆಜ್ಜೆ ದೂರದಲ್ಲಿ ಚಿಕ್ಕ ತರಗತಿಯ ಒಬ್ಬರನ್ನು ನಿಲ್ಲಿಸಿ ಓದಿಸುತ್ತೇನೆ. ಅವರು ತಡವರಿಸಿದರೆ ತಪ್ಪು ನನ್ನದು, ಅವರದಲ್ಲ.

ಮುಂದಿನ ಸಂಚಿಕೆಯ ತಲೆಬರಹ ಬರೆಯಲು ಯಾರು ಬರುತ್ತೀರಿ? ಬ್ರಷ್ಷು ನಾನು ಕೊಡುತ್ತೇನೆ. ಈ ಲೇಖನದಲ್ಲಿ ತಪ್ಪಿದ್ದರೆ ಗುರುಗಳು ಕೆಂಪು ಶಾಯಿಯಲ್ಲಿ ತಿದ್ದಬೇಕೆಂದು ವಿನಂತಿ.