ಕಂಚಿಯ ಸನ್ಯಾಸಿ, ಚೀನೀ ಹೊಡೆದಾಟ

ಕುಂಗ್‌ಫು ಮಾತು ಬಂತೆಂದರೆ ನಮ್ಮ ಕಡೆ ಯಾರಾದರೊಬ್ಬರು ಬೋಧಿಧರ್ಮನ ಹೆಸರೆತ್ತಿಯೇ ಎತ್ತುತ್ತಾರೆ. ಕಂಚಿಯಿಂದ ಹೊರಟ ಪಲ್ಲವ ರಾಜಕುಮಾರ ಶಾವೊಲಿನ್ ಮಠದ ಭಿಕ್ಷುಗಳಿಗೆ ಕಾಳಗದ ವಿದ್ಯೆ ಕಲಿಸಿದ, ಚೀನೀಯರ ಪಟ್ಟುಗಳೆಲ್ಲ ನಮ್ಮದೇ ಬಳುವಳಿ ಎಂಬ ಕತೆ ಅದು. 2011ರ ತಮಿಳು ಚಿತ್ರ 'ಏಳಾಂ ಅರಿವು' ಇದಕ್ಕೆ ಇನ್ನಷ್ಟು ಗಾಳಿ ಹಾಕಿತು. ಹೆಮ್ಮೆಪಡುವುದಕ್ಕೇನೋ ಚೆನ್ನಾಗಿದೆ, ಆಧಾರ ಮಾತ್ರ ಇಲ್ಲ.

ಬೋಧಿಧರ್ಮ ಚಾನ್ ಪಂಥದ, ಅಂದರೆ ಜಪಾನೀಯರ ಝೆನ್‌ನ, ಮೂಲಗುರು ಎಂದು ಬೌದ್ಧರು ನಂಬುತ್ತಾರೆ. ದಕ್ಷಿಣ ಭಾರತದವನು ಎನ್ನುವ ಹಳೆಯ ಬರಹವೂ ಇದೆ. ಆದರೆ ಆ ಹಳೆಯ ಬರಹಗಳಲ್ಲಿ ಸಿಗುವುದು ಧ್ಯಾನ, ಗುದ್ದಾಟವಲ್ಲ. ಅವನನ್ನು ಮೈಕಸರತ್ತಿಗೆ ಗಂಟುಹಾಕಿದ್ದು 'ಯಿಜಿನ್ ಜಿಂಗ್' ಎಂಬ ಪುಸ್ತಕ. ಏಳನೇ ಶತಮಾನದ ಸೇನಾನಿ ಲಿ ಜಿಂಗ್ ಬರೆದದ್ದೆಂಬ ಮುನ್ನುಡಿ ಅದಕ್ಕಿದೆ. ಇನ್ನೊಂದು ಮುನ್ನುಡಿಯಲ್ಲಿ ಸೊಂಗ್ ಕಾಲದ ದಂಡನಾಯಕ ನಿಯು ಗಾವೊ ತನಗೆ ಓದುಬರಹವೇ ಬಾರದೆಂದು ಹೇಳಿಕೊಳ್ಳುತ್ತಾನೆ! ಎರಡೂ ಖೋಟಾ. ಪುಸ್ತಕ ಹುಟ್ಟಿದ್ದು 17ನೇ ಶತಮಾನದಲ್ಲಿ, ಬೋಧಿಧರ್ಮ ತೀರಿಕೊಂಡು ಸಾವಿರ ವರ್ಷ ಕಳೆದ ಮೇಲೆ. ಭಾರತದ ನಂಟು ಬೇಕೇ ಬೇಕೆಂದರೆ ಶಾವೊಲಿನ್ ಮಠದ ಮೊದಲ ಗುರು ಬಾತುವೊ ಇದ್ದಾನೆ. ಅವನೂ ಭಾರತದಿಂದ ಬಂದವನೇ. ಪಾಪ, ಅವನ ಮೇಲೆ ಯಾರೂ ಸಿನಿಮಾ ಮಾಡಲಿಲ್ಲ.

ಹಾಗೆಂದು ಭಿಕ್ಷುಗಳು ಕಾದಲೇ ಇಲ್ಲವೆಂದಲ್ಲ. 621ರಲ್ಲಿ, ಮುಂದೆ ತಾಂಗ್ ಚಕ್ರವರ್ತಿಯಾದ ಲಿ ಶಿಮಿನ್‌ನ ಪರವಾಗಿ ಅವರು ಕಾದಿದ್ದನ್ನು ಮಠದಲ್ಲಿರುವ 728ರ ಶಿಲಾಶಾಸನ ಹೇಳುತ್ತದೆ. ಯಾವ ವರಸೆ, ಯಾವ ಪಟ್ಟು ಎಂಬುದು ಅದರಲ್ಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದು ಜೆಟ್ ಲೀ ನಾಯಕನಾಗಿ ಮೊದಲು ನಟಿಸಿದ 1982ರ 'ಶಾವೊಲಿನ್ ಟೆಂಪಲ್'.

ತೆರೆಯ ಮೇಲೆ ಕತ್ತಿ ಬೀಸುವವರೆಲ್ಲ ಕುಂಗ್‌ಫು ಪಟುಗಳು ಎಂಬುದು ಇನ್ನೊಂದು ನಂಬಿಕೆ. ಜೆಟ್ ಲೀ ನಿಜಕ್ಕೂ ವುಶು ಚಾಂಪಿಯನ್. ಆದರೆ ಮಿಶೆಲ್ ಯೋ ಕಲಿತದ್ದು ಬ್ಯಾಲೆ, ಝಾಂಗ್ ಝಿಯಿ ಕಲಿತದ್ದೂ ನೃತ್ಯವೇ. ಜಾಕಿ ಚಾನ್, ಸಾಮೊ ಹುಂಗ್ ಇಬ್ಬರೂ ಹಾಂಕಾಂಗ್‌ನ ಪೀಕಿಂಗ್ ಒಪೆರಾ ಶಾಲೆಯೊಂದರಲ್ಲಿ ಬೆಳೆದ ಹುಡುಗರು. ಈ ಹೊಡೆದಾಟದ ಬಹುಪಾಲು ಬಂದಿರುವುದು ರಂಗಭೂಮಿಯಿಂದ. ನಿರ್ದೇಶಕ ಕಿಂಗ್ ಹು 1966ರ 'ಕಮ್ ಡ್ರಿಂಕ್ ವಿತ್ ಮಿ'ಯಲ್ಲಿ ಒಪೆರಾದ ತಾಳವಾದ್ಯವನ್ನೇ ಹಿನ್ನೆಲೆಗೆ ತಂದರು: ಮೊದಲು ನಿಶ್ಚಲ ನಿಲುವು, ಪೆಟ್ಟು ಬಿದ್ದೊಡನೆ ಮಿಂಚಿನ ಚಲನೆ, ಮತ್ತೆ ನಿಲುವು. ಚಂಡೆಯ ಪೆಟ್ಟಿಗೆ ನಡೆಯುವ ಯಕ್ಷಗಾನದ ಯುದ್ಧ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಿದಿರುಮೆಳೆಯಲ್ಲಿ ಹಾರಿ ಕಾದುವ ದೃಶ್ಯ ಆಂಗ್ ಲೀ ಅವರ 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್'ನಿಂದ (2000) ಶುರುವಾಯಿತೆನ್ನುವವರೂ ಇದ್ದಾರೆ. ಕಿಂಗ್ ಹು ಅದನ್ನು 1971ರ 'ಎ ಟಚ್ ಆಫ್ ಝೆನ್'ನಲ್ಲೇ ಮಾಡಿ ಮುಗಿಸಿದ್ದರು. ನಟರನ್ನು ತೂಗಿಸುವ ತಂತಿಯನ್ನು ಕಂಪ್ಯೂಟರಿನಲ್ಲಿ ಅಳಿಸುವ ಸೌಕರ್ಯ ಆಗ ಎಲ್ಲಿತ್ತು? ಟ್ರ್ಯಾಂಪೊಲಿನ್ ಮೇಲಿಂದ ಚಿಮ್ಮಿದ ನಟನ ಜಿಗಿತವನ್ನು ಚೂರುಚೂರಾಗಿ ಕತ್ತರಿಸಿ ಜೋಡಿಸಿದರು. ಒಂದು ಚೂರಿನಲ್ಲಿ ಮೇಲೇಳುವುದು, ಇನ್ನೊಂದರಲ್ಲಿ ಗಾಳಿಯಲ್ಲಿರುವುದು. ನಡುವಿನದನ್ನು ನಮ್ಮ ಕಣ್ಣೇ ಕಲ್ಪಿಸಿಕೊಳ್ಳುತ್ತದೆ. ನನಗಂತೂ ಈ ಹಳೆಯ ಹಾರಾಟವೇ ಹೆಚ್ಚು ಇಷ್ಟ.

ಇನ್ನು ಚೀನೀ ಧಾರಾವಾಹಿಗಳು. ಅವುಗಳಲ್ಲಿ ಗಂಡಸರು ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡುವುದು ಚೀನೀಯರ ಪುರಾತನ ಪದ್ಧತಿ ಎಂದುಕೊಳ್ಳಬೇಡಿ. ಅದು ಮಂಚು ಅರಸರು 1645ರಲ್ಲಿ ಹೇರಿದ ಕಟ್ಟಳೆ, ತಪ್ಪಿದರೆ ತಲೆದಂಡ. ಅದಕ್ಕೂ ಮೊದಲಿನ ತಾಂಗ್, ಮಿಂಗ್ ಕಾಲದ ಕತೆಗಳಲ್ಲಿ ಗಂಡಸರಿಗೆ ತಲೆಯ ಮೇಲೆ ತುರುಬು.

ಅಂತಃಪುರದಲ್ಲಿ ರಾಣಿಯರು ದಿನಕ್ಕೊಬ್ಬರಿಗೆ ವಿಷ ಹಾಕುವುದನ್ನೂ ಇತಿಹಾಸವೆಂದು ನೋಡುವವರಿದ್ದಾರೆ. 2011ರ ಜನಪ್ರಿಯ 'ಝೆನ್ ಹುವಾನ್ ಝುವಾನ್' ಯೋಂಗ್‌ಝೆಂಗ್ ಚಕ್ರವರ್ತಿಯ ಆಸ್ಥಾನದಲ್ಲಿ ನಡೆಯುತ್ತದೆ ನಿಜ. ಆದರೆ ಅದರ ಮೂಲ ಕಾದಂಬರಿಯ ರಾಜವಂಶವೇ ಕಾಲ್ಪನಿಕ, ಯೋಂಗ್‌ಝೆಂಗ್‌ನನ್ನು ಧಾರಾವಾಹಿಯವರು ಆಮೇಲೆ ಹೊಂದಿಸಿಕೊಂಡರು. ನಾಯಕಿ ಸುನ್ ಲಿ ಅವರ ಆ ದನಿಗೆ ಮಾರುಹೋದವರಿಗೆ ಇನ್ನೊಂದು ಸುದ್ದಿ: ಪಾತ್ರಕ್ಕೆ ಕಂಠದಾನ ಮಾಡಿದವರು ಜಿ ಗುವಾನ್‌ಲಿನ್.