ದ್ರಾಕ್ಷಿ ಚಪ್ಪರದಿಂದ ಅಡಿಕೆ ತೋಟಕ್ಕೆ: ಮೈಲುತುತ್ತದ ಲೆಕ್ಕ

ಬೆಂಗಳೂರಿನ ಚಂದ್ರಾ ಲೇಔಟ್, ವಿಜಯನಗರಗಳಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ನಮ್ಮ ಸದಸ್ಯರು ಅಲ್ಲಿನ ತಳ್ಳುಗಾಡಿಗಳಲ್ಲಿ ಕಪ್ಪುನೀಲಿ ಬಣ್ಣದ, ಬೀಜವುಳ್ಳ ದ್ರಾಕ್ಷಿಯನ್ನು ನೋಡಿಯೇ ಇರುತ್ತಾರೆ. ಅದೇ ‘ಬೆಂಗಳೂರು ಬ್ಲೂ’ ತಳಿ. 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ದ್ರಾಕ್ಷಿಯನ್ನು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಬೆಳೆಯುತ್ತಾರೆ. ಎಕರೆ, ಎರಡೆಕರೆ ಚಪ್ಪರವನ್ನು ಮನೆಮಂದಿಯೇ ನೋಡಿಕೊಳ್ಳುವ ಕುಟುಂಬಗಳೂ ಅವರಲ್ಲಿವೆ.

ಈ ಬೆಳೆಯನ್ನು ನಮ್ಮಲ್ಲಿಗೂ ತರಬಹುದೇ ಎಂದು ಕೆಲವು ಸದಸ್ಯರು ವಿಚಾರಿಸಿದ್ದುಂಟು. ಮಲೆನಾಡಿನ ಮಳೆಗೆ ದ್ರಾಕ್ಷಿ ಒಗ್ಗದು. ಬಳ್ಳಿಯನ್ನು ತರುವುದು ಬೇಡ. ಆದರೆ ಆ ಚಪ್ಪರದಡಿಯಿಂದ ನಾವು ತರಬೇಕಾದ ಪಾಠವೊಂದಿದೆ.

ಒಂದು ಪಾಠವನ್ನು ನಮ್ಮ ಹಿರಿಯರು ಆಗಲೇ ತಂದಿದ್ದಾರೆ. 1878ರಲ್ಲಿ ಫ್ರಾನ್ಸಿನ ದ್ರಾಕ್ಷಿಗೆ ಅಮೆರಿಕದಿಂದ ಬೂಜು ತುಪ್ಪಟ ರೋಗ ಬಂದು ತಗುಲಿತು. ಬೋರ್ಡೋ ಪ್ರಾಂತದ ಕೆಲವು ರೈತರು ದಾರಿಹೋಕರು ಹಣ್ಣು ಕೀಳದಿರಲೆಂದು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬಾರದಿದ್ದುದನ್ನು ಪ್ರೊಫೆಸರ್ ಮಿಲಾರ್ಡೆ ಗಮನಿಸಿ, 1885ರಲ್ಲಿ ಅದನ್ನು ಔಷಧವಾಗಿ ಪ್ರಕಟಿಸಿದರು. ಇದೇ ಬೋರ್ಡೋ ದ್ರಾವಣ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ ಇದರ ಸಿಂಪರಣೆಯನ್ನು ಬಳಕೆಗೆ ತಂದರು. ಬೂಜು ತುಪ್ಪಟದ ರೋಗಾಣುವೂ ಕೊಳೆರೋಗದ ರೋಗಾಣುವೂ ಒಂದೇ ಪಂಗಡಕ್ಕೆ ಸೇರಿದವು. ಎರಡಕ್ಕೂ ಹಬ್ಬಲು ತೇವ ಬೇಕು.

ಎರಡನೆಯ ಪಾಠವೆಂದರೆ, ಔಷಧಿಗಿಂತ ಮೊದಲು ಗಾಳಿ ಬೆಳಕು. ಬೆಂಗಳೂರು ಬ್ಲೂ ತಳಿ ಚಿಬ್ಬು ರೋಗವನ್ನು ತಡೆದುಕೊಳ್ಳುತ್ತದೆ, ಬೂಜು ತುಪ್ಪಟಕ್ಕೆ ಬಲಿಯಾಗುತ್ತದೆ. ಆದ್ದರಿಂದ ಜಾಣ ಬೆಳೆಗಾರನು ಹೆಚ್ಚುವರಿ ಚಿಗುರನ್ನು ಎಳೆಯದಿರುವಾಗಲೇ ಚಿವುಟಿ ಚಪ್ಪರದ ಎಲೆ ಬೇಗ ಒಣಗುವಂತೆ ನೋಡಿಕೊಳ್ಳುತ್ತಾನೆ. ರೋಗ ಹತ್ತಿ ಉದುರಿದ ಎಲೆಯಲ್ಲಿ ರೋಗಾಣು ಉಳಿದುಕೊಳ್ಳುವುದರಿಂದ ಅದನ್ನು ಆರಿಸಿ ತೆಗೆಯುತ್ತಾನೆ. ಸಾಲಿನ ನಡುವೆ ಹಸಿರುಗೊಬ್ಬರ ಬಿತ್ತಿ, ಹನಿ ನೀರಾವರಿಯಲ್ಲಿ ನೀರನ್ನು ಬುಡಕ್ಕಷ್ಟೇ ಕೊಡುತ್ತಾನೆ. ದ್ರಾಕ್ಷಿ ಕೂಡಿಡುವ ಮಾಲಲ್ಲ. 2020ರ ಲಾಕ್‌ಡೌನಿನಲ್ಲಿ ಕೊಳ್ಳುವವರಿಲ್ಲದೆ ಹಣ್ಣು ಬಳ್ಳಿಯಲ್ಲೇ ಉಳಿದಾಗ, ಔಷಧಿಗೆ ಸಾಲ ಮಾಡಿದವರ ಕಷ್ಟ ಇಮ್ಮಡಿಯಾಯಿತು. ಸಣ್ಣ ಬೆಳೆಗಾರನಿಗೆ ಕಡಿಮೆ ಖರ್ಚೇ ರಕ್ಷೆ.

ಇನ್ನು ತಾಮ್ರದ ಲೆಕ್ಕ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಎಕರೆಗೆ ಶೇ. 1ರ ದ್ರಾವಣ 400 ಲೀಟರ್ ಹೊಡೆದರೆ 4 ಕಿಲೋ ಮೈಲುತುತ್ತ, ಅಂದರೆ ಒಂದು ಕಿಲೋ ತಾಮ್ರ. ಅದು ಕರಗಿಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಕೂಡಿಕೊಂಡು ಎರೆಹುಳುವಿಗೆ ಕಂಟಕವಾಗುತ್ತದೆ. ಬೋರ್ಡೋ ದ್ರಾವಣ ಹುಟ್ಟಿದ ಯುರೋಪಿನಲ್ಲಿಯೇ 2019ರಿಂದ ಹೆಕ್ಟೇರಿಗೆ 7 ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರಕ್ಕಿಂತ ಹೆಚ್ಚು ಬಳಸಕೂಡದೆಂಬ ಮಿತಿಯಿದೆ. ಎಕರೆಗೆ ವರ್ಷಕ್ಕೆ ಸರಾಸರಿ 1.6 ಕಿಲೋ. ಮೇಲಿನ ಲೆಕ್ಕದಲ್ಲಿ ಒಂದೂವರೆ ಸಿಂಪರಣೆಗೇ ಅದು ಮುಗಿಯುತ್ತದೆ!

ಅಡಿಕೆಗೆ ಔಷಧಿ ಹೊಡೆಯುವುದನ್ನು ಬಿಡಿ ಎಂದು ಇದರ ಅರ್ಥವಲ್ಲ. ಕೊಳೆ ಹತ್ತಿದರೆ ವರ್ಷದ ಅನ್ನವೇ ಹೋದೀತು. ಬೋರ್ಡೋ ದ್ರಾವಣ ರೋಗ ಬಾರದಂತೆ ತಡೆಯುವ ಔಷಧ, ಬಂದ ರೋಗವನ್ನು ವಾಸಿಮಾಡುವುದಲ್ಲ. ಆದ್ದರಿಂದ ಮಳೆಗೆ ಮುಂಚಿನ ಮೊದಲ ಸಿಂಪರಣೆ ತಪ್ಪಕೂಡದು, ದ್ರಾವಣ ಗೊನೆಗೆ ಬೀಳಬೇಕೇ ಹೊರತು ನೆಲಕ್ಕಲ್ಲ. ಅದರ ಜೊತೆಗೆ ಬಸಿಗಾಲುವೆ ತೆಗೆಯುವುದು, ಉದುರಿದ ಕೊಳೆಕಾಯಿ ಆರಿಸುವುದು, ಕಾಫಿಯಲ್ಲಿ ಮರಗಸಿ ಮತ್ತು ಗಿಡಗಸಿಯನ್ನು ಸಕಾಲದಲ್ಲಿ ಮುಗಿಸುವುದು, ಇವನ್ನು ಮಾಡಿದವನಿಗೆ ಅನಗತ್ಯವಾದ ಹೆಚ್ಚುವರಿ ಸಿಂಪರಣೆಯ ಖರ್ಚು ಉಳಿಯಬಹುದು.

ಸದಸ್ಯರು ಈ ಮಳೆಗಾಲದಿಂದ ಒಂದು ಪುಸ್ತಕದಲ್ಲಿ ಸಿಂಪರಣೆಯ ತಾರೀಕು, ಬಳಸಿದ ಮೈಲುತುತ್ತದ ತೂಕ, ತೋಟದ ವಿಸ್ತೀರ್ಣ ಇಷ್ಟನ್ನು ಬರೆದಿಡಬೇಕಾಗಿ ವಿನಂತಿ. ಮಣ್ಣು ಪರೀಕ್ಷೆಗೆ ಕಳಿಸುವಾಗ ತಾಮ್ರವನ್ನೂ ನೋಡುವಂತೆ ಕೇಳಿಕೊಳ್ಳಿ. ಪುಸ್ತಕವನ್ನು ಸಂಘದ ಕಚೇರಿಗೆ ತಂದರೆ ಎಕರೆವಾರು ಲೆಕ್ಕ ಹಾಕಿಕೊಡಲಾಗುವುದು.